ಬೋನ್ಸಾಯ್ ಗಿಡ ಕಳ್ಳರ ಪಾಲಾಗದಂಗೆ ನೋಡ್ಕಳೋದು ಹೆಂಗೆ – ಒಂದು ಹುಣಸೆ ಗಿಡ ಕಳ್ಕಂಡು ಕಲ್ತಿದ್ದು

ಹೋದ ವರ್ಷ ಆಗಸ್ಟಲ್ಲಿ ದಾವಣಗೆರೆ ನಮ್ಮನೆ ಮುಂದಿನ ಕಟ್ಟೆ ಮೇಲಿಂದ ಒಂದು ಹುಣಸೆ ಬೋನ್ಸಾಯ್ ಎತ್ಕಂಡು ಹೋದ್ರು. 14 ವರ್ಷ ಸಾಕಿದ ಗಿಡ, ಆನಗೋಡು ಕಡೆ ರಸ್ತೆ ಅಗಲ ಮಾಡುವಾಗ ಮಣ್ಣಿನ ಗುಡ್ಡೆ ಮೇಲೆ ಬೇರು ಮೇಲಾಗಿ ಬಿದ್ದಿತ್ತು, ಗೋಣಿಚೀಲ ಒದ್ದೆ ಮಾಡಿ ಸುತ್ತಿ ಬೈಕಲ್ಲಿ ತಂದಿದ್ದೆ. ಅವತ್ತು ಬೆಳಿಗ್ಗೆ ಆರಕ್ಕೆ ಬಾಗ್ಲು ತೆಗುದ್ರೆ ಕಟ್ಟೆಯ ಕಡಪ ಕಲ್ಲು ಪೂರ್ತಿ ಜಿಟಿಜಿಟಿ ಮಳೆಗೆ ನೆಂದು ಕರ್ರಗೆ ಹೊಳೀತೈತೆ, ನಡುವೆ ಒಂದಡಿ ಉದ್ದ ಮುಕ್ಕಾಲಡಿ ಅಗಲ ಜಾಗ ಮಾತ್ರ ಒಣಗಿ ಬೂದಿ ಬಣ್ಣ, ಸ್ಕೇಲ್ ಇಟ್ಟು ಗೆರೆ ಹೊಡೆದಂಗೆ, ನಾಕು ಮೂಲೇಲಿ ಕುಂಡದ ಕಾಲಿನ ಗುರುತು. ನಂಗೆ ಅದು ಹೊಳೀಲೇ ಇಲ್ಲ, ನಮ್ಮನೆಯವಳು ನೋಡಿದ್ದು. ಮಳೆ ಬರುವಾಗ ಗಿಡ ಇಲ್ಲೇ ಇತ್ತು ನೋಡ್ರಿ, ಇಲ್ಲಾಂದಿದ್ರೆ ಈ ಜಾಗಾನೂ ಒದ್ದೆ ಆಗಿರ್ತಿತ್ತು ಅಂದ್ಲು. ಮಳೆ ನಿಂತಿದ್ದು ಐದೂಕಾಲಕ್ಕೆ, ಆಗ ನಂಗೆ ಎಚ್ಚರ ಇತ್ತು. ಅಂದ್ರೆ ಗಿಡ ಹೋಗಿದ್ದು ನಡುರಾತ್ರಿ ಅಲ್ಲ, ಐದೂಕಾಲರಿಂದ ಆರರ ಒಳಗೆ, ಊರೆಲ್ಲ ವಾಕಿಂಗ್ ಹೊರಡೋ ಹೊತ್ತಲ್ಲಿ.

ನಾನು ಮೊದ್ಲು ಅನುಮಾನ ಪಟ್ಟಿದ್ದು ಹಾಲು ಹಾಕೋ ಹುಡುಗನ ಮೇಲೆ, ಅವ್ನು ಬರೋದು ಐದೂಮುಕ್ಕಾಲಿಗೆ. ಎರಡು ದಿನ ಅವನ ಮುಖ ನೋಡಿ ಮಾತಾಡಿಲ್ಲ. ಮೂರನೇ ದಿನ ಅವನೇ ಕೇಳ್ದ, ಅಣ್ಣಾ ಆ ಕುಳ್ಳ ಹುಣಸೆ ಗಿಡ ಒಳಗೆ ಇಟ್ಕಂಡ್ರಾ, ಮೊನ್ನೆ ನಾನು ಬಂದಾಗ್ಲೇ ಇರ್ಲಿಲ್ಲ ಅಂತ. ಈಗ್ಲೂ ನೆನೆಸ್ಕಂಡ್ರೆ ನಾಚಿಕೆ ಆಗುತ್ತೆ. ಆದ್ರೆ ಅವನ ಮಾತಿಂದ ಇನ್ನೊಂದು ಗೊತ್ತಾಯ್ತು, ಕಳ್ಳನಿಗೆ ಸಿಕ್ಕಿದ್ದು ಬರೀ ಅರ್ಧ ಗಂಟೆ, ಅದ್ರಾಗೆ ಗೇಟ್ ದಾಟಿ ಗಿಡ ಎತ್ತಿ ಸ್ಕೂಟಿ ಕಾಲ್ಹತ್ರ ಇಟ್ಕಂಡು ಹೋಗಾಕೆ ಎರಡು ನಿಮಿಷನೂ ಬೇಡ. ಈ ಎರಡು ನಿಮಿಷದ ಲೆಕ್ಕದ ಮೇಲೇ ನಾನು ಈಗ ಉಳಿದ 38 ಗಿಡಾನೂ ಕಾಯೋದು. ಎರಡು ನಿಮಿಷದ ಕೆಲ್ಸ ಹದಿನೈದು ನಿಮಿಷದ್ದಾಗ್ಬೇಕು, ಅಷ್ಟೂ ಮೀರಿ ಹೋಯ್ತು ಅಂದ್ರೆ ಎಲ್ಲೇ ಸಿಕ್ರೂ ಇದು ನಮ್ದೇ ಅಂತ ತೋರ್ಸಾಕೆ ಆಗ್ಬೇಕು. ಬಾಕಿ ಎಲ್ಲ ಇದಕ್ಕೆ ಸಂಬಂಧಪಟ್ಟಿದ್ದೇ.

ಕದಿಯೋರು ಯಾರು

ಬೋನ್ಸಾಯ್ ಬೆಲೆ ಗೊತ್ತಿದ್ದು ಬರೋನು ಬೇರೆ, ಚೆಂದ ಐತೆ ಅಂತ ಎತ್ಕಂಡು ಹೋಗೋನು ಬೇರೆ. ನಮ್ಮೂರ ಕಡೆ ಎರಡನೇ ಪೈಕಿನೇ ಜಾಸ್ತಿ. ಬೆಳಗಿನ ಜಾವ ಪ್ಲಾಸ್ಟಿಕ್ ಕವರ್ ಹಿಡ್ಕಂಡು ಕಾಂಪೌಂಡ್ ಮೇಲಿಂದ ಕೈ ಹಾಕಿ ದಾಸವಾಳ, ಕಣಗಿಲೆ ಕೀಳೋ ಹಿರಿಯರನ್ನ ನೋಡಿರ್ತೀರಲ್ಲ, ಅವ್ರು ಕಳ್ರಲ್ಲ ಬಿಡ್ರಿ, ದೇವ್ರಿಗೆ ಅಂತಾರೆ. ಆದ್ರೆ ಕಾಂಪೌಂಡ್ ಒಳಗೆ ಕೈ ಹಾಕೋದು ಇಲ್ಲಿ ತಪ್ಪಲ್ಲ ಅನ್ನೋ ರೂಢಿ ಅಲ್ಲಿಂದಾನೇ ಶುರು. ನನ್ ಹತ್ರ ಒಂದು ಬನ್ನಿ ಬೋನ್ಸಾಯ್ ಐತೆ, ಒಂದ್ ವರ್ಷ ವಿಜಯದಶಮಿ ದಿನ ಸಂಜೆ ಹೊತ್ತಿಗೆ ಅದ್ರಾಗೆ ಒಂದು ಎಲೆ ಉಳಿದಿರ್ಲಿಲ್ಲ, ಬೀದಿಯೋರೆಲ್ಲ ಕಿತ್ಕಂಡು ಹೋಗಿ ಬನ್ನಿ ತಗಂಡು ಬಂಗಾರದಂಗಿರೋಣ ಅಂತ ನಂಗೇ ವಾಪಸ್ ಕೊಟ್ರು! ನಗಬೇಕೋ ಅಳಬೇಕೋ. ಈಗ ದಸರಾ ಬಂತಂದ್ರೆ ಆ ಗಿಡ ಎರಡು ದಿನ ಒಳಗಿನ ಕಿಟಕಿ ಹತ್ರ ಇರುತ್ತೆ.

ಬೆಲೆ ಗೊತ್ತಿದ್ದು ಬರೋರ ಕಥೆ ಬೇರೆ ಲೆವೆಲ್ಲು. 2019ರ ಜನವರಿಯಲ್ಲಿ ಜಪಾನಿನ ಸೈತಾಮ ಪ್ರಾಂತ್ಯದ ಕವಾಗುಚಿಯಲ್ಲಿ ಒಂದು ಬೋನ್ಸಾಯ್ ತೋಟದಿಂದ 7 ಗಿಡ ಹೋದವು, ಅದ್ರಾಗೆ ಒಂದು ಸುಮಾರು 400 ವರ್ಷದ ಶಿಂಪಾಕು ಜುನಿಪರ್, ಅದೊಂದೇ 1 ಕೋಟಿ ಯೆನ್ ಬೆಲೆದು. ಸಾವಿರಾರು ಗಿಡ ಇರೋ ತೋಟದಲ್ಲಿ ಕತ್ತಲಲ್ಲಿ ಬಂದು ಸರಿಯಾಗಿ ಬೆಲೆಬಾಳೋವನ್ನೇ ಆರಿಸ್ಕಂಡು ಹೋಗಿದ್ರು ಅಂದ್ರೆ ಬಂದೋರು ತಿಳಿದೋರೇ. ಆ ತೋಟದ ಯಜಮಾನನ ಹೆಂಡ್ತಿ ಕಳ್ಳರಿಗೆ ಬೈಲಿಲ್ಲ, ದಯವಿಟ್ಟು ನೀರು ಹಾಕ್ರಿ, ಒಂದು ವಾರ ನೀರಿಲ್ದೆ ಅದು ಬದುಕಲ್ಲ ಅಂತ ಫೇಸ್‌ಬುಕ್ಕಲ್ಲಿ ಬೇಡ್ಕಂಡಿದ್ರು. ನಮ್ಮ ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ವಾರ ಎಲ್ಲಿಂದ ಬಂತು, ಎರಡಿಂಚು ಆಳದ ಟ್ರೇನಲ್ಲಿರೋ ಗಿಡಕ್ಕೆ ಒಂದು ದಿನ ತಪ್ಪಿದ್ರೆ ಸಂಜೆಗೆ ಎಲೆ ಗರಿಗರಿ. ಕಳ್ಳನ ಮನೇಲಿ ಗಿಡ ಜಾಸ್ತಿ ದಿನ ಉಳಿಯಲ್ಲ ಅನ್ನೋದು ತಲೇಲಿರ್ಲಿ, ಮುಂದೆ ಕೆಲಸಕ್ಕೆ ಬರುತ್ತೆ.

ಕಣ್ಣಿಗೆ ಬೀಳಬಾರ್ದು, ಬಾಯಿಗೂ ಬೀಳಬಾರ್ದು

ಮೊದ್ಲು ಮಾಡ್ಬೇಕಾಗಿದ್ದು ದುಡ್ಡಿಲ್ಲದ ಕೆಲಸ. ಬೀದೀಲಿ ನಿಂತು ನಿಮ್ಮನೆ ನೋಡ್ರಿ, ನಡ್ಕಂಡು ಹೋಗೋನ ಎತ್ತರಕ್ಕೊಂದ್ಸಲ, ಬೈಕ್ ಮೇಲೆ ಕೂತೋನ ಎತ್ತರಕ್ಕೊಂದ್ಸಲ, ಎದುರುಮನೆ ಟೆರೇಸಿಂದ ಒಂದ್ಸಲ. ಯಾವ್ಯಾವ ಗಿಡ ಕಾಣುತ್ತೋ ಅವೆಲ್ಲ ಒಳಗಾಗ್ಬೇಕು, ಮುಂದುಗಡೆ ಕ್ರೋಟನ್ನು, ತುಳಸಿ, ಮನಿಪ್ಲಾಂಟ್ ಇರ್ಲಿ, ಹೋದ್ರೂ ಚಿಂತೆ ಇಲ್ದಂಥವು. ಟೆರೇಸಲ್ಲಿ ಪ್ಯಾರಾಪೆಟ್ ಎತ್ತರಕ್ಕೆ ಹಸಿರು ಶೇಡ್‌ನೆಟ್ ಕಟ್ಟಿದ್ರೆ ಬೇಸಿಗೇಲಿ ಗಾಳಿ ಬಿಸಿಲು ಎರಡಕ್ಕೂ ಒಳ್ಳೇದು, ನೋಡೋರ ಕಣ್ಣಿಗೂ ಅಡ್ಡ.

ಇನ್ನು ಮೊಬೈಲು. ಗಿಡ ಅರಳಿದಾಗ, ಹಣ್ಣು ಬಿಟ್ಟಾಗ ರೀಲ್ಸ್ ಮಾಡ್ದೆ ಇರಾಕೆ ಆಗಲ್ಲ, ನಂಗೂ ಆಗಲ್ಲ. ಮಾಡ್ರಿ, ಆದ್ರೆ ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಲೊಕೇಶನ್ ಆಫ್ ಮಾಡ್ರಿ, ಗಿಡದ ಹಿಂದೆ ಒಂದು ಬಿಳಿ ಬೆಡ್‌ಶೀಟ್ ಕಟ್ರಿ, ಗೇಟು, ಮನೆ ನಂಬರ್, ಬೈಕ್ ನಂಬರ್ ಪ್ಲೇಟು, ಎದುರಿಗಿರೋ ಗುಡಿ ಗೋಪುರ ಯಾವ್ದೂ ಬರಬಾರ್ದು. ಬೆಲೆ ಬರೀಬೇಡ್ರಿ. ಯಾರಾದ್ರೂ ಇದೆಷ್ಟಕ್ಕೆ ಹೋಗುತ್ತೆ ಅಂತ ಕೇಳಿದ್ರೆ, ಯಾರು ತಗಂತಾರ್ರಿ ಇದನ್ನ ಅನ್ನಿ. ಬೋನ್ಸಾಯ್ ಮನೇಲಿದ್ರೆ ಏಳಿಗೆ ಆಗಲ್ಲ, ವಾಸ್ತುಗೆ ಆಗಿಬರಲ್ಲ ಅಂತ ಹೇಳೋರು ಬೀದಿಗೆ ಇಬ್ರು ಸಿಗ್ತಾರೆ, ಮೊದ್ಲು ನಾನು ಅವ್ರ ಜೊತೆ ವಾದ ಮಾಡ್ತಿದ್ದೆ, ಈಗ ಹೌದ್ರೀ ಅಂತ ತಲೆ ಅಲ್ಲಾಡಿಸ್ತೀನಿ. ಆ ನಂಬಿಕೆ ಊರೆಲ್ಲ ಹಬ್ಲಿ, ಪುಕ್ಕಟೆ ಸೆಕ್ಯೂರಿಟಿ.

ಗಿಡ ಮಾರೋರು ಕೊಳ್ಳಾಕೆ ಬರೋರನ್ನ ಟೆರೇಸಿಗೆ ಕರ್ಕಂಡು ಹೋಗ್ಬೇಡ್ರಿ, ಮಾರೋ ಗಿಡ ಒಂದನ್ನೇ ಕೆಳಗೆ ತಂದು ತೋರ್ಸಿ. ಗಾಜಿನ ಮನೇಲಿ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಇಡೋದಾದ್ರೆ ಬೋರ್ಡಿನ ಮೇಲೆ ಹೆಸರು ಸಾಕು, ಬಡಾವಣೆ, ಕ್ರಾಸು, ಫೋನ್ ನಂಬರ್ ಬೇಡ, ಬೇಕಾದೋರು ಅಲ್ಲೇ ಕೇಳ್ತಾರೆ.

ಪೇಂಟಿಂಗ್‌ನೋರು, ಟ್ಯಾಂಕ್ ತೊಳೆಯೋರು, ಡಿಶ್ ರಿಪೇರಿ ಮಾಡೋರು ಟೆರೇಸಿಗೆ ಬರ್ತಾರೆ. ಅವ್ರನ್ನ ಕಳ್ಳರ ತರ ನೋಡೋದು ಸರಿಯಲ್ಲ, ಹಾಲಿನ ಹುಡುಗನ ವಿಷಯದಲ್ಲಿ ನಾನು ಮಾಡಿದ್ದೇ ಸಾಕು. ನಾವು ಬಾಯಿ ಬಿಗಿ ಹಿಡಿದ್ರೆ ಆಯ್ತು. ಇದು ಇಷ್ಟು ಸಾವಿರ ಗೊತ್ತೇನಪ್ಪ ಅಂತ ಬಡಾಯಿ ಕೊಚ್ಚೋರು ನಾವೇ ತಾನೆ.

ಗಿಡ ಎತ್ತಾಕೆ ಬರ್ದಂಗೆ ಕಟ್ಟೋದು

ಇದು ಮುಖ್ಯ, ಸ್ವಲ್ಪ ನಿಧಾನಕ್ಕೆ ಓದ್ರಿ. ಬೋನ್ಸಾಯ್ ಕುಂಡದ ತಳದಲ್ಲಿ ದೊಡ್ಡ ತೂತುಗಳು ಇರ್ತವೆ, ನೀರು ಬಸಿಯಾಕೆ, ಅದೇ ತೂತಿಂದ ಅಲ್ಯುಮಿನಿಯಂ ತಂತಿ ತಂದು ಬೇರಿನ ಮೇಲೆ ಬಿಗಿದು ಗಿಡ ಅಲ್ಲಾಡದಂಗೆ ಕಟ್ತೀವಿ. ಅದೇ ದಾರೀಲಿ ಕಳ್ಳನಿಗೂ ಒಂದು ಕಟ್ಟು ಹಾಕ್ಬೇಕು.

ಬೋರ್‌ವೆಲ್ ಸಾಮಾನು ಮಾರೋ ಹಾರ್ಡ್‌ವೇರ್ ಅಂಗಡೀಲಿ 3 ಎಂಎಂ ಸ್ಟೀಲ್ ವೈರ್ ರೋಪ್ ಸಿಗುತ್ತೆ, ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಇರೋದು ತಗಳ್ಳಿ. ಅದಕ್ಕೆ ಕೂರೋ ಯು ಕ್ಲಾಂಪು, ತಲೆ ಉಂಗುರದಂಗಿರೋ ಒಂದು ಐ ಬೋಲ್ಟು, ನೈಲಾಕ್ ನಟ್ಟು. ನೈಲಾಕ್ ಅಂದ್ರೆ ಒಳಗೆ ನೈಲಾನ್ ಬಳೆ ಇರೋ ನಟ್ಟು, ಬರಿಗೈಲಿ ಬಿಚ್ಚಾಕೆ ಬರಲ್ಲ, ಸ್ಪ್ಯಾನರ್ ಹಾಕಿದ್ರೂ ಕೊನೆ ಸುತ್ತಿನವರೆಗೂ ತಿರುಗಿಸ್ತಾನೇ ಇರ್ಬೇಕು. ಗಿಡಕ್ಕೊಂದು ನೂರೈವತ್ತರ ಒಳಗೇ ಆಯ್ತು ನಂಗೆ.

ಹಾಕೋದು ರೀಪಾಟ್ ಮಾಡುವಾಗ, ಅಂದ್ರೆ ಗಿಡ ತೆಗೆದು ಹೊಸ ಮಣ್ಣು ಹಾಕಿ ಮತ್ತೆ ಕುಂಡಕ್ಕೆ ಕೂರಿಸುವಾಗ. ಆಲ, ಅರಳಿ, ಬಸರಿ, ಅತ್ತಿ ತರದವಕ್ಕೆ ನಮ್ ಕಡೆ ಯುಗಾದಿ ಕಳೆದು ಮುಂಗಾರು ಹಿಡಿಯೋವರೆಗೂ ಒಳ್ಳೇ ಟೈಮು, ಬೇರು ಬೇಗ ಕೂಡ್ಕಳುತ್ತೆ. ಗಿಡ ಹೊರಗೆ ತೆಗೆದು ಬೇರು ಟ್ರಿಮ್ ಮಾಡಿದ್ಮೇಲೆ ಬುಡಕ್ಕೆ ಹತ್ತಿರ ಇರೋ ಎರಡು ದಪ್ಪ ಬೇರಿನ ಕೆಳಗಿಂದ ರೋಪ್ ಹಾಯಿಸಿ, ಬೇರಿಗೆ ತಾಗೋ ಜಾಗದಲ್ಲಿ ಹಳೇ ಸೈಕಲ್ ಟ್ಯೂಬ್ ಸೀಳಿ ತೊಡಿಸಿ, ಎರಡೂ ತುದೀನ ತಳದ ತೂತಿಂದ ಕೆಳಗಿಳಿಸಿ. ಬಿಗಿಯಾಗಿ ಎಳೀಬೇಡ್ರಿ, ಬೇರು ದಪ್ಪ ಆಗ್ತಾ ಹೋಗುತ್ತೆ, ಒಂದು ಬೆರಳು ಹೋಗೋಷ್ಟು ಸಡಿಲ ಇರ್ಲಿ. ಕುಂಡದ ಕೆಳಗೆ ಎರಡೂ ತುದಿ ಸೇರಿಸಿ ಕ್ಲಾಂಪ್ ಹಾಕಿ, ಒಂದಲ್ಲ ಎರಡು, ಒಂದು ಜಾರುತ್ತೆ. ಆ ಕುಣಿಕೇನ ಐ ಬೋಲ್ಟಿಗೆ ಸಿಗಿಸಿ ಬೋಲ್ಟ್‌ನ ಸ್ಟ್ಯಾಂಡಿನ ಪಟ್ಟಿಗೆ ತೂತು ಹೊಡೆದು ಕೆಳಗಿಂದ ನಟ್ ಹಾಕಿ. ರೋಪ್ ನಾಕೈದು ಇಂಚು ಉದ್ದ ಜಾಸ್ತಿ ಬಿಟ್ಟಿರ್ಬೇಕು, ಯಾಕಂದ್ರೆ ಹದಿನೈದು ದಿನಕ್ಕೊಮ್ಮೆ ಗಿಡ ತಿರುಗಿಸಿ ಇಡ್ಬೇಕಲ್ಲ ಎಲ್ಲಾ ಕಡೆ ಬಿಸಿಲು ಬೀಳಾಕೆ, ಕುಂಡದ ಕೆಳಗೆ ಇರುವೆ ಗೂಡು ಕಟ್ಟಿದ್ರೆ ಗುಡಿಸ್ಬೇಕು. ನಾನು ಮೊದಲ್ನೇದಕ್ಕೆ ಟೈಟಾಗಿ ಹಾಕಿ ಆಮೇಲೆ ತಿರುಗಿಸಾಕೂ ಬರ್ದೆ, ಎತ್ತಾಕೂ ಬರ್ದೆ, ನಾನೇ ಕಳ್ಳನ ತರ ಒದ್ದಾಡಿದ್ದೀನಿ.

ಕಾಂಡಕ್ಕೆ ಸುತ್ತಿ ಬೀಗ ಹಾಕೋರನ್ನ ನೋಡೀನಿ, ಅದು ಬೇಡ. ತೊಗಟೆ ತಿಂದು ಗಾಯ ಆಗುತ್ತೆ, ಜೊತೆಗೆ ಈ ಗಿಡಕ್ಕೆ ಬೆಲೆ ಐತೆ ಅಂತ ಬೋರ್ಡ್ ಹಾಕಿದಂಗೆ. ರೋಪ್ ಮಣ್ಣೊಳಗಿದ್ರೆ ಯಾರಿಗೂ ಕಾಣಲ್ಲ, ಎತ್ತಾಕೆ ಹೋದೋನಿಗೆ ಕೈಯಲ್ಲಿ ಜಗ್ಗಿದಾಗ್ಲೇ ಗೊತ್ತಾಗೋದು. ಕಟರ್ ತಂದಿದ್ರೆ ಕತ್ತರಿಸ್ತಾನೆ, ಅದು ನಿಜ. ಆದ್ರೆ ಬೆಳಗಿನ ಜಾವ ಸ್ಕೂಟಿಲಿ ಬಂದೋನು ಕಟರ್ ತಂದಿರಲ್ಲ.

ಸ್ಟ್ಯಾಂಡ್ ಹಗುರ ಇದ್ರೆ ಸ್ಟ್ಯಾಂಡ್ ಸಮೇತ ಹೋಗುತ್ತೆ, ಹಂಗಾಗಿ ಆಂಗಲ್ ಐರನ್‌ದು ಮಾಡ್ಸಿ, ಒಂದೊಂದು ಸ್ಟ್ಯಾಂಡಿಗೆ ಐದಾರು ಗಿಡ ಕೂರಂಗೆ. ನೆಲದ ಮೇಲಾದ್ರೆ ಕಾಲು ಕಾಂಕ್ರೀಟಲ್ಲಿ ಹೂಳ್ಸಿ. ಟೆರೇಸ್ ಮೇಲೆ ಮಾತ್ರ ದಯವಿಟ್ಟು ಸ್ಲ್ಯಾಬಿಗೆ ಡ್ರಿಲ್ ಹೊಡೀಬೇಡ್ರಿ, ಗಿಡ ಉಳಿಸಾಕೆ ಹೋಗಿ ಮಳೆಗಾಲದಲ್ಲಿ ಹಾಲ್ ಸೀಲಿಂಗ್ ಸೋರುತ್ತೆ, ಅಲ್ಲಿ ಬೇಕಂದ್ರೆ ಸ್ಟ್ಯಾಂಡ್ ಕೆಳಗಿನ ಪಟ್ಟಿ ಮೇಲೆ ಸೈಜು ಕಲ್ಲು ಹೇರಿ ಭಾರ ಮಾಡ್ರಿ, ಪಕ್ಕಪಕ್ಕದ ಸ್ಟ್ಯಾಂಡುಗಳನ್ನ ಬೋಲ್ಟ್ ಹಾಕಿ ಜೋಡಿಸ್ರಿ. ಬೆಂಚಿನ ತುದಿ ಜಾಗ ಸಾದಾ ಗಿಡಕ್ಕೆ, ಒಳ್ಳೇ ಗಿಡ ನಡುವೆ, ಅದನ್ನ ತೆಗೀಬೇಕಂದ್ರೆ ಮುಂದಿನ ಎರಡು ಗಿಡ ಸರಿಸ್ಬೇಕು ಹಂಗೆ ಇಡ್ರಿ.

ಟೆರೇಸ್ ಅಂದ್ರೆ ಭದ್ರ ಅನ್ನೋರಿಗೆ ಒಂದು ಮಾತು. ಪಕ್ಕದ ದುರ್ಗದ್ದು ಏಳು ಸುತ್ತಿನ ಕೋಟೆ, ಅಂಥಾದಕ್ಕೂ ಹೈದರಾಲಿ ಸೈನಿಕರು ನುಗ್ಗಾಕೆ ನೋಡಿದ್ದು ಒಂದು ಕಿಂಡೀಲಿ. ನಿಮ್ಮ ಟೆರೇಸಿನ ಕಿಂಡಿ ಯಾವ್ದು ಅಂತ ಹುಡುಕ್ರಿ. ಹಳೇ ಪೇಟೆ ಕಡೆ ಮನೆ ಮನೆ ಅಂಟ್ಕಂಡಿರುತ್ತೆ, ನಾಕು ಮನೆ ಆಚೆ ಖಾಲಿ ಸೈಟಿಂದ ಹತ್ತಿದ್ರೆ ಪ್ಯಾರಾಪೆಟ್ ದಾಟ್ಕಂಡು ನಿಮ್ಮಲ್ಲಿಗೆ ಬರಬೋದು. ಹೊರಗಿನ ಮೆಟ್ಟಿಲಿಗೆ ಗ್ರಿಲ್ ಬಾಗ್ಲು, ಗೋಡೆಗೆ ಒರಗಿಸಿಟ್ಟ ಏಣಿ, ಸಜ್ಜಾ ಪಕ್ಕದ ಮಾವಿನ ಕೊಂಬೆ, ಇಷ್ಟು ನೋಡಿದ್ರೆ ಮುಕ್ಕಾಲು ಭಾಗ ಆಯ್ತು. ಏಣೀನ ಮಲಗಿಸಿ ಕಿಟಕಿ ಸರಳಿಗೆ ಚೈನ್ ಹಾಕಿ ಬೀಗ ಹಾಕ್ರಿ.

ಕ್ಯಾಮೆರಾ, ಅಲಾರಂ

ಸಿಸಿಟಿವಿ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಗೊತ್ತಿದ್ದೇ. ಆದ್ರೆ ಹಾಕೋರು ಮಾಡೋ ತಪ್ಪು ಒಂದೇ, ಎತ್ತರದಲ್ಲಿ ಸಜ್ಜಾ ಕೆಳಗೆ ಸಿಗಿಸಿ ಕೆಳಮುಖ ಮಾಡ್ತಾರೆ, ಆಮೇಲೆ ನೋಡಿದ್ರೆ ಟೋಪಿ ನೆತ್ತಿ ಬಿಟ್ರೆ ಏನೂ ಕಾಣಲ್ಲ. ಒಂದು ಮೇಲಿರ್ಲಿ, ಇನ್ನೊಂದು ಗೇಟ್ ಹತ್ರ ಮುಖದ ಎತ್ತರಕ್ಕೆ, ಒಳಗೆ ಬರೋನ ಮುಖ ನೇರ ಸಿಗಂಗೆ ಇರ್ಲಿ. ಗಿಡಗಳ ಕಡೆ ಕ್ಯಾಮೆರಾ ಇಟ್ರೆ ಗಾಳಿಗೆ ಎಲೆ ಅಲ್ಲಾಡಿದ್ದಕ್ಕೆಲ್ಲ ರಾತ್ರಿ ಪೂರ್ತಿ ಮೊಬೈಲ್ ಕುಯ್ ಅಂತಿರುತ್ತೆ, ದುರ್ಗದ ಕಡೆಯೋರಿಗಂತೂ ಆ ಗಾಳಿಮರ ತಿರುಗಿಸೋ ಗಾಳೀಲಿ ನಿದ್ದೆನೇ ಇರಲ್ಲ. ಆಪಲ್ಲಿ ಮೆಟ್ಟಿಲು, ಗೇಟು ಇಷ್ಟೇ ಜಾಗ ಗುರುತು ಹಾಕಿ ಅಲರ್ಟ್ ಇಡ್ರಿ. ಕರೆಂಟ್ ಹೋದಾಗ ಓಡಾಕೆ ರೌಟರಿಗೂ ಕ್ಯಾಮೆರಾಕ್ಕೂ ಚಿಕ್ಕ ಯುಪಿಎಸ್ ಬೇಕು. ಮತ್ತೆ ತಾರೀಕು ಟೈಮು ಸರಿ ಐತಾ ಅಂತ ತಿಂಗಳಿಗೊಮ್ಮೆ ನೋಡ್ರಿ, ಎಷ್ಟೋ ಕ್ಯಾಮೆರಾ ಇನ್ನೂ ಹಳೇ ವರ್ಷದಲ್ಲೇ ಓಡ್ತಿರ್ತವೆ.

ನನಗೆ ಜಾಸ್ತಿ ಇಷ್ಟ ಆಗಿದ್ದು ಬಾಗಿಲಿಗೆ ಹಾಕೋ ಮ್ಯಾಗ್ನೆಟ್ ಅಲಾರಂ. ಎರಡು ತುಂಡು ಇರುತ್ತೆ, ದೂರ ಆದ್ರೆ ಕಿರುಚುತ್ತೆ. ಮ್ಯಾಗ್ನೆಟ್ ತುಂಡು ಕುಂಡದ ಪಕ್ಕಕ್ಕೆ, ಇನ್ನೊಂದು ಸ್ಟ್ಯಾಂಡಿಗೆ, ನೀರು ಬೀಳದಂಗೆ ಪ್ಲಾಸ್ಟಿಕ್ ಕವರ್ ಸುತ್ತಿ ಅಂಟಿಸಿದ್ರೆ ಆಯ್ತು. ಮೊದಲ ವಾರ ಎರಡು ಸಲ ಕಿರುಚ್ತು, ದೊಣ್ಣೆ ಹಿಡ್ಕಂಡು ಓಡೋದ್ರೆ ಎರಡ್ಸಲನೂ ಕೋತಿ. ಅತ್ತಿ ಕಾಯಿ ತಿನ್ನಾಕೆ ಬಂದಿತ್ತು. ಪರವಾಗಿಲ್ಲ, ಈಗ ಕೋತೀನೂ ಕಮ್ಮಿ ಆಗ್ಯಾವೆ.

ಬ್ಲೂಟೂತ್ ಟ್ಯಾಗ್ ಮಣ್ಣಲ್ಲಿ ಹೂತಿಡ್ತೀನಿ ಅಂತಾರೆ ಕೆಲವ್ರು. ಅದು ಜಿಪಿಎಸ್ ಅಲ್ಲ, ಹತ್ತಿರ ಬೇರೆಯೋರ ಫೋನ್ ಇದ್ರೆ ಮಾತ್ರ ಜಾಗ ತಿಳಿಯುತ್ತೆ, ದಿನಾ ನೀರು ಕುಡಿಯೋ ಮಣ್ಣಲ್ಲಿ ಅದ್ರ ಬಾಳಿಕೆ ಅಷ್ಟಕ್ಕಷ್ಟೇ, ಜೊತೆಗೆ ಆಪಲ್ ಏರ್‌ಟ್ಯಾಗ್ ತರದವು ಅಪರಿಚಿತ ಟ್ಯಾಗ್ ನಿನ್ ಜೊತೆ ಬರ್ತೈತೆ ಅಂತ ಕಳ್ಳನ ಫೋನಿಗೇ ಸುದ್ದಿ ಮುಟ್ಟಿಸ್ತವೆ. ಒಂದೆರಡು ದಿನ ಪ್ರದರ್ಶನಕ್ಕೆ ಕಳಿಸುವಾಗ ಬೇಕಾದ್ರೆ ಹಾಕ್ರಿ.

ಇದು ನನ್ನ ಗಿಡ ಅನ್ನೋಕೆ ಸಾಕ್ಷಿ

ನನ್ನ ಹುಣಸೆ ಹೋದಾಗ ಫೋನಲ್ಲಿ ಅದ್ರ ಫೋಟೋ ಹನ್ನೊಂದು ಇದ್ವು. ಒಂಬತ್ತು ನನ್ ಮಗಳು ಅದ್ರ ಮುಂದೆ ನಿಂತು ಹಲ್ಲು ಕಿಸಿದಿದ್ದು, ಹಿಂದೆ ಗಿಡ ಮಸುಕು ಮಸುಕು. ಠಾಣೇಲಿ ಗುರುತು ಏನು ಅಂತ ಕೇಳಿದ್ರೆ ಸಣ್ಣ ಹುಣಸೆ ಗಿಡ ಸಾರ್ ಅಂದೆ. ಅಷ್ಟೇ ಹೇಳಾಕೆ ಬಂದಿದ್ದು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರು ಅನ್ನಂಗೆ ಆಮೇಲೆ ಎಲ್ಲಾ ಗಿಡಕ್ಕೂ ಫೈಲ್ ಮಾಡ್ದೆ.

ಕುಂಡ ಬದಲಾಯಿಸಬೋದು, ಎಲೆ ಬೋಳಿಸಬೋದು, ಕೊಂಬೆ ಕಡೀಬೋದು. ಕಳ್ಳ ಬದಲಾಯಿಸಾಕೆ ಆಗದ್ದು ಎರಡೇ, ಬುಡದಲ್ಲಿ ಬೇರು ಹರಡಿರೋ ರೀತಿ, ಆಮೇಲೆ ಕಾಂಡದ ಮೇಲಿನ ಹಳೇ ಗಾಯ. ನಮ್ಮ ಹೆಬ್ಬೆಟ್ಟಿನ ಗುರುತು ಇದ್ದಂಗೆ ಅವು, ಒಂದರಂಗೆ ಇನ್ನೊಂದು ಇರಲ್ಲ. ಹಂಗಾಗಿ ಗಿಡದ ನಾಕೂ ದಿಕ್ಕಿಂದ ಒಂದೊಂದು, ಬುಡದ್ದು ಮೇಲಿಂದ ಒಂದು, ಪ್ರತೀ ಗಾಯದ ಹತ್ತಿರದಿಂದ ಒಂದೊಂದು, ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ತೆಗೀರಿ. ಅಲ್ಯುಮಿನಿಯಂ ತಂತಿ ಬಿಗಿಯಾಗಿ ಉಳಿದ ಗೀರು, ತೊಗಟೆ ಸುಲಿದು ಒಣಗಿಸಿ ಬಿಳಿ ಮಾಡಿದ ಕೊಂಬೆ, ಅಂದ್ರೆ ಜಿನ್, ಇದ್ರೆ ಅದೂ ಬರ್ಲಿ. ವರ್ಷಕ್ಕೊಮ್ಮೆ, ಎಲೆ ಬೋಳಿಸಿದಾಗ ತೆಗೆದ್ರೆ ಕೊಂಬೆ ಜೋಡಣೆ ಪೂರ್ತಿ ಕಾಣುತ್ತೆ. ಫೋನಲ್ಲೊಂದೇ ಇಟ್ಕಬೇಡ್ರಿ, ಫೋನೂ ಕಳುವಾಗುತ್ತೆ.

ಇನ್ನೊಂದು ದಾರಿ ಮೈಕ್ರೋಚಿಪ್. ನಾಯಿಗೆ ಹಾಕ್ತಾರಲ್ಲ ಅದೇ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, 12 ಎಂಎಂ ಉದ್ದ 2 ಎಂಎಂ ದಪ್ಪ, ಒಳಗೆ 15 ಅಂಕಿಯ ನಂಬರ್. ಬ್ಯಾಟರಿ ಇಲ್ಲ, ರೀಡರ್ ಹತ್ತಿರ ಹಿಡಿದ್ರೆ ಮಾತ್ರ ನಂಬರ್ ತೋರಿಸುತ್ತೆ, ಎಲ್ಲೈತೆ ಅಂತ ಹೇಳಲ್ಲ. ಬೇರೆ ದೇಶದ ಬೋನ್ಸಾಯ್‌ನೋರು ಬೆಲೆಬಾಳೋ ಗಿಡಕ್ಕೆ ಇದನ್ನ ಹಾಕ್ತಾರೆ. ನಾನು ಮೂರು ಗಿಡಕ್ಕೆ ಹಾಕೀನಿ, ಹೆಬ್ಬೆರಳಿನ ಎರಡರಷ್ಟಾದ್ರೂ ದಪ್ಪ ಕಾಂಡ ಇರ್ಬೇಕು. ಹಿಂಬದಿ, ಬುಡಕ್ಕೆ ಹತ್ತಿರ, ಎರಡೂವರೆ ಎಂಎಂ ಡ್ರಿಲ್ ಬಿಟ್ಟಲ್ಲಿ ಓರೆಯಾಗಿ ತೂತು ಮಾಡಿ ಚಿಪ್ ಒಳಗೆ ತಳ್ಳಿ ಮೇಲೆ ಗಿಡದ ಗಾಯ ಮುಚ್ಚೋ ಕಟ್ ಪೇಸ್ಟ್ ಮೆತ್ತಿ. ಆಲ, ಅರಳಿ ಜಾತಿಯವಾದ್ರೆ ಹಾಲು ಸುರಿಯುತ್ತೆ, ಅದು ನಿಂತ್ಮೇಲೆ ಒರೆಸಿ ಪೇಸ್ಟ್ ಹಾಕ್ರಿ ಇಲ್ಲಾಂದ್ರೆ ಪೇಸ್ಟ್ ಹಿಡಿಯಲ್ಲ. ಒಂದೆರಡು ವರ್ಷಕ್ಕೆ ಗಾಯ ಮುಚ್ಕಂಡು ಗೊತ್ತೇ ಆಗಲ್ಲ. ಹಾಕೋಕೆ ಮುಂಚೆ ಒಂದ್ಸಲ, ಹಾಕಿದ್ಮೇಲೆ ಒಂದ್ಸಲ ನಂಬರ್ ಓದಿಸ್ಕಳಿ. ನಾಯಿ ಡಾಕ್ಟರ್ ಹತ್ರ ಹೂಕುಂಡ ಹೊತ್ಕಂಡು ಕ್ಯೂನಲ್ಲಿ ಕೂತಿದ್ದೆ, ಪಕ್ಕದಲ್ಲಿ ಪೊಮೆರೇನಿಯನ್ ತಂದಿದ್ದ ಅಜ್ಜಿ, ಏನಪ್ಪಾ ಇದಕ್ಕೇನಾಗೈತೆ ಅಂದ್ರು.

ಗಿಡ ಅಥವಾ ಕುಂಡ ತಗಂಡ ಬಿಲ್ಲು, ಎಷ್ಟೇ ಚಿಕ್ಕದಿರ್ಲಿ, ಇಟ್ಕಳ್ಳಿ. ನಾವೇ ಬೆಳೆಸಿದ್ದಕ್ಕೆ ಬಿಲ್ ಇರಲ್ಲ, ಅದಕ್ಕೆ ಬೋನ್ಸಾಯ್ ಮಾರೋ ನರ್ಸರಿಯೋರ ಹತ್ರ ಇಷ್ಟು ಬೆಲೆ ಬಾಳುತ್ತೆ ಅಂತ ಲೆಟರ್‌ಹೆಡ್ ಮೇಲೆ ಬರೆಸ್ಕಳ್ಳಿ. ಇದು ಯಾಕಂದ್ರೆ 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದೈತೆ, ಕಳ್ಳತನ ಅದ್ರಲ್ಲಿ ಕಲಂ 303. ಕದ್ದ ಮಾಲು 5,000 ರೂಪಾಯಿಗಿಂತ ಕಮ್ಮಿದಾದ್ರೆ ಅದು ಅಸಂಜ್ಞೇಯ ಅಪರಾಧ, ಮ್ಯಾಜಿಸ್ಟ್ರೇಟ್ ಆದೇಶ ಇಲ್ದೆ ಪೊಲೀಸ್ರು ತನಿಖೆನೇ ಮಾಡಂಗಿಲ್ಲ. ಹೂಕುಂಡ ಒಂದು ಹೋಗೈತೆ ಅಂತ ಬರೆದು ಕೊಟ್ರೆ ಯಾರು 5,000 ಅಂತಾರೆ ಹೇಳ್ರಿ.

ಬೀಗ ಹಾಕಿ ಊರಿಗೆ ಹೋಗುವಾಗ

ಬೋನ್ಸಾಯ್ ಇಟ್ಟೋರು ಮದುವೆಗೆ ಹೋದ್ರೂ ಮನಸ್ಸು ಟೆರೇಸ್ ಮೇಲಿರುತ್ತೆ. ನೀರು ಹಾಕಾಕೆ ದಿನಾ ಒಬ್ರು ಬರ್ಲೇಬೇಕಲ್ಲ, ಅದೇ ನಮಗೆ ಅನುಕೂಲ, ಮನೇಲಿ ಓಡಾಟ ಐತೆ ಅಂತ ಕಾಣುತ್ತೆ. ಬರೋರಿಗೆ ಟೈಮ್ ಬದಲಾಯಿಸಿ ಬರಾಕೆ ಹೇಳ್ರಿ, ಒಂದಿನ ಬೆಳಿಗ್ಗೆ ಒಂದಿನ ಸಂಜೆ ಲೈಟ್ ಹಾಕಿ. ಬೇಸಿಗೇಲಾದ್ರೆ ಎರಡೂ ಹೊತ್ತು. ಪೇಪರು ಹಾಲು ನಿಲ್ಸಿ, ಬೀಟ್ ಪೊಲೀಸರಿಗೆ ಇಂಥ ದಿನ ಇರಲ್ಲ ಅಂತ ಒಂದು ಮಾತು ಹೇಳಿ ಹೋಗ್ರಿ, ಧರ್ಮಸ್ಥಳದ ಫೋಟೋ ವಾಪಸ್ ಬಂದ್ಮೇಲೆ ಸ್ಟೇಟಸ್ ಹಾಕಿದ್ರೂ ಪುಣ್ಯ ಕಮ್ಮಿ ಆಗಲ್ಲ. ನಾಕೈದು ದಿನಕ್ಕಾದ್ರೆ ಆಲ, ಅರಳಿ, ಜೇಡ್ ಇವನ್ನ ಒಳಗೆ ಕಿಟಕಿ ಹತ್ರ ಇಡಬೋದು, ತಡ್ಕಳ್ತವೆ. ಜುನಿಪರ್ ಮಾತ್ರ ಒಳಗೆ ಇಡಬೇಡ್ರಿ, ಅದು ಸಾಯೋದು ಇವತ್ತು, ನಮಗೆ ಕಾಣೋದು ಒಂದು ತಿಂಗಳಾದ್ಮೇಲೆ.

ಹೋದ್ಮೇಲೆ

ಎಲ್ಲಾ ಮಾಡಿನೂ ಹೋಯ್ತು ಅಂದ್ಕಳ್ಳಿ. ಮೊದ್ಲು ಜಾಗ ಮುಟ್ಟಬೇಡ್ರಿ, ಗುಡಿಸಬೇಡ್ರಿ, ಫೋಟೋ ತೆಗೀರಿ. ನಮ್ಮ ಕಟ್ಟೆ ಮೇಲಿನ ಒಣಗಿದ ಗುರುತು ನಾನು ಫೋಟೋ ತೆಗೆಯೋಷ್ಟರಲ್ಲಿ ಬಿಸಿಲು ಬಂದು ಕಲ್ಲೆಲ್ಲ ಒಂದೇ ಬಣ್ಣ ಆಗಿತ್ತು. 112ಕ್ಕೆ ಫೋನ್ ಮಾಡಿ, ಆಮೇಲೆ ಠಾಣೆಗೆ ಹೋಗಿ ಫೋಟೋ, ಅಳತೆ, ಬೆಲೆ ಚೀಟಿ, ಚಿಪ್ ನಂಬರ್ ಸಮೇತ ದೂರು ಬರೆದು ಕೊಡ್ರಿ. ಎಫ್‌ಐಆರ್ ಆದ್ರೆ ಅದ್ರ ಪ್ರತಿ ಪುಕ್ಕಟೆ ಕೊಡ್ಬೇಕು, ಇಸ್ಕಳ್ಳಿ. ಮೊಬೈಲಿಂದ ಇಮೇಲಲ್ಲೋ ಆನ್‌ಲೈನಲ್ಲೋ ದೂರು ಕೊಟ್ಟಿದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕ್ಬೇಕು. ಕ್ಯಾಮೆರಾ ರೆಕಾರ್ಡಿಂಗ್ ತನ್ನಷ್ಟಕ್ಕೆ ಅಳಿಸ್ಕಂಡು ಹೋಗುತ್ತೆ, ಅವತ್ತೇ ಪೆನ್‌ಡ್ರೈವಿಗೆ ಇಳಿಸ್ರಿ, ಎದುರುಮನೆಯೋರಿಗೂ ಕೇಳಿ ಇಳಿಸ್ಕಳ್ಳಿ. ಕೋರ್ಟಿಗೆ ಹೋಗೋದಾದ್ರೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟ್ ಜೊತೆಗೆ ಬೇಕಾಗುತ್ತೆ, ಠಾಣೇಲಿ ಕೇಳಿದ್ರೆ ಹೇಳ್ತಾರೆ.

ಅವತ್ತೇ ಸಂಜೆಯೊಳಗೆ ದಾವಣಗೆರೆ, ಹರಿಹರ, ದುರ್ಗದ ನರ್ಸರಿಗಳಿಗೆ ಫೋಟೋ ಕಳಿಸ್ರಿ, ಮಾರಾಕೆ ಬರೋನು ಅಲ್ಲಿಗೇ ಬರೋದು. ಆಮೇಲೆ ಗಿಡದ ಫೋಟೋ ಎಲ್ಲಾ ಕಡೆ ಹಾಕ್ರಿ, ಇಷ್ಟು ದಿನ ಮುಚ್ಚಿಟ್ಟಿದ್ದು ಈಗ ಊರಿಗೆಲ್ಲ ತೋರ್ಸಿ. 2020ರ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಬೋನ್ಸಾಯ್ ಮ್ಯೂಸಿಯಂನಿಂದ ಎರಡು ಗಿಡ ಹೋಗಿದ್ವು, ಒಂದು ಬೀಜದಿಂದ ತಗಡಿನ ಡಬ್ಬದಲ್ಲಿ ಬೆಳೆಸಿದ ಜಪಾನೀ ಕಪ್ಪು ಪೈನ್. ಸುದ್ದಿ ಎಲ್ಲಾ ಕಡೆ ಬಂತು, ಎರಡ್ಮೂರು ದಿನಕ್ಕೆ ಎರಡೂ ಗಿಡ ಮ್ಯೂಸಿಯಂ ದಾರೀಲಿ ಯಾರೋ ಇಟ್ಟು ಹೋಗಿದ್ರು. ಪೋಸ್ಟಲ್ಲಿ ಬೈಗುಳ ಬೇಡ, ದಿನಾ ಎರಡು ಹೊತ್ತು ನೀರು ಹಾಕಿ, ಮಧ್ಯಾಹ್ನದ ಬಿಸಿಲಿಗೆ ಇಡಬೇಡಿ, ಬೇಡ ಅನ್ನಿಸಿದ್ರೆ ರಾತ್ರಿ ಗೇಟ್ ಹತ್ರ ಇಟ್ಟು ಹೋಗಿ ಅಂತ ಬರೀರಿ. ನಾನು ಬರೆದಿದ್ದು ಒಂಬತ್ತು ದಿನ ಆದ್ಮೇಲೆ, ಅಷ್ಟೊತ್ತಿಗೆ ನೀರು ಹಾಕಿ ಅಂತ ಹೇಳೋದಕ್ಕೆ ಅರ್ಥ ಇರ್ಲಿಲ್ಲ.

ವಾಪಸ್ ಸಿಕ್ರೆ ಖುಷೀಲಿ ಗೊಬ್ಬರ ಹಾಕಾಕೆ ಹೋಗ್ಬೇಡ್ರಿ. ಕುಂಡ ಸಮೇತ ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ಬರೋದು ನಿಲ್ಲೋವರೆಗೂ ಬಿಡಿ, ಹದಿನೈದು ದಿನ ನೆರಳಲ್ಲಿ, ಬೇರೆ ಗಿಡಗಳಿಂದ ದೂರ ಇಡಿ, ಅಲ್ಲಿಂದ ಹುಳ ಹತ್ತಿಸ್ಕಂಡು ಬಂದಿರಬೋದು. ಒಣಗಿದ ಕೊಂಬೆ ತಕ್ಷಣ ಕಡೀಬೇಡ್ರಿ, ಉಗುರಲ್ಲಿ ತೊಗಟೆ ಕೆರೆದು ನೋಡ್ರಿ, ಒಳಗೆ ಹಸಿರಿದ್ರೆ ಇನ್ನೂ ಜೀವ ಐತೆ. ಚಿಗುರು ಬಂದ್ಮೇಲೆ ಸ್ಟ್ಯಾಂಡಿಗೆ ಏರಿಸಿ, ಕೆಳಗೆ ಕೈ ಹಾಕಿ ನಟ್ ಟೈಟ್ ಮಾಡ್ರಿ.